ಐದು ಗುಂಡಿ, ಒಳಗೊಬ್ಬ ಭಾವ

ಕೆಲಸ ಬಾರದವರಿಂದ ಈ ಲೋಕದಲ್ಲಿ ಕೆಟ್ಟದ್ದು ಬಹಳ ಕಡಿಮೆ. ಬಾರದವನು ಪಾಪ, ಕೈಕಟ್ಟಿ ಕೂತಿರುತ್ತಾನೆ. ಕೆಡುವುದೆಲ್ಲ "ಅಷ್ಟೇ ತಾನೇ" ಎಂದು ತೋಳು ಮಡಚಿ ಏಳುವವರಿಂದ. ನಮ್ಮ ಗುಮಾಸ್ತರು ಈ ಎರಡು ಪದಗಳನ್ನು ದಿನಕ್ಕೆ ಎಷ್ಟು ಸಲ ಬಳಸುತ್ತಿದ್ದರೆಂದರೆ, ಅವರ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವರು ಅಷ್ಟೇತಾನೇ ಗುಮಾಸ್ತರು. ಮನೆಯ ನಲ್ಲಿ ಸೋರಿದಾಗ ಅಷ್ಟೇ ತಾನೇ ಎಂದಿದ್ದರು. ಗೋಡೆ ಗಡಿಯಾರ ನಿಂತಾಗಲೂ ಅಷ್ಟೇ ತಾನೇ ಎಂದಿದ್ದರು. ಆ ನಲ್ಲಿ ಈಗ ಸೋರುವುದಿಲ್ಲ, ನೀರೂ ಬರುವುದಿಲ್ಲ. ಗಡಿಯಾರ ಮಾತ್ರ ನಡೆಯುತ್ತದೆ, ಹಿಂದಕ್ಕೆ.

ಕಚೇರಿಯಲ್ಲಿ ಅವರ ಕೆಲಸ ಜನ ತಂದುಕೊಡುವ ಅರ್ಜಿಗಳಿಗೆ ತಾರೀಖಿನ ಮುದ್ರೆ ಹೊಡೆಯುವುದು. ಇಪ್ಪತ್ತೆರಡು ವರ್ಷಗಳಿಂದ ಅದೇ ಮೇಜು, ಅದೇ ಮುದ್ರೆ. ಮುದ್ರೆಯ ಹಿಡಿಯ ಮೇಲೆ ಒಂದು ಬಿಳಿ ಚುಕ್ಕಿ. ಚುಕ್ಕಿ ಹೊಡೆಯುವವನ ಎದೆಯ ಕಡೆಗಿದ್ದರೆ ತಾರೀಖು ನೆಟ್ಟಗೆ ಬೀಳುತ್ತದೆ, ಇಲ್ಲದಿದ್ದರೆ ತಲೆಕೆಳಗಾಗುತ್ತದೆ. ಗುಮಾಸ್ತರ ಹೆಬ್ಬೆರಳಿಗೆ ಆ ಚುಕ್ಕಿ ಎಷ್ಟು ಅಭ್ಯಾಸವಾಗಿತ್ತೆಂದರೆ, ನಿದ್ದೆಯಲ್ಲಿ ಕೊಟ್ಟರೂ ತಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಿದ್ದರು. ಈ ಚುಕ್ಕಿಯ ವಿಷಯವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಗುಮಾಸ್ತರ ಮಾನ ಹೋಗಿದ್ದು ಅದರಿಂದಲೇ.

ಗುಮಾಸ್ತರಿಗೆ ಜೀವನದಲ್ಲಿ ಒಂದೇ ಆಸೆ: ಮುಂಗೋಣೆಯ ಕಿಟಕಿ ಪಕ್ಕದ ಆರಾಮಕುರ್ಚಿ. ಕುರ್ಚಿ ಅವರದೇ. ಆದರೆ ಒಂದೂವರೆ ವರ್ಷದ ಹಿಂದೆ ಅವರ ಹೆಂಡತಿಯ ತಮ್ಮ ಕೆಲಸ ಕಳೆದುಕೊಂಡು, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವನು, ಅದರಲ್ಲಿ ಕೂತಿದ್ದ. ಕೆಟ್ಟವನಲ್ಲ. ಮಾತು ಕಡಿಮೆ, ಕಾಲು ಉದ್ದ, ಅರ್ಜಿಗಳನ್ನೇನೋ ಹಾಕುತ್ತಲೇ ಇದ್ದ. ಪ್ರತಿ ಸಂಜೆ ಗುಮಾಸ್ತರು ಮನೆಗೆ ಬಂದ ಕೂಡಲೇ, "ಕುರ್ಚಿ ಬೇಕಾ ಭಾವ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಎದ್ದು ಮಾತ್ರ ಕೇಳುತ್ತಿರಲಿಲ್ಲ. ಹೆಂಡತಿಯ ಎದುರಿಗೆ ಬೇಕು ಎನ್ನುವ ಧೈರ್ಯ ಗುಮಾಸ್ತರಿಗೆ ಇರಲಿಲ್ಲ. ಅವರು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು.

ಹೀಗಿರುವಾಗ ಭಾಮೈದನಿಗೆ ಕೆಲಸ ಸಿಕ್ಕಿತು. ಹಣ್ಣಿನ ಪೆಟ್ಟಿಗೆಗಳನ್ನು ಇಡುವ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಗೋದಾಮಿನ ಹಿಂದೆಯೇ ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ. ಈ ಕೋಣೆಯ ಸುದ್ದಿ ಕೇಳಿ ಗುಮಾಸ್ತರ ಕಣ್ಣಲ್ಲಿ ನೀರು ಬಂತು. ತಮ್ಮನ ಮೇಲೆ ಇವರಿಗಿಷ್ಟು ಅಕ್ಕರೆಯೇ ಎಂದು ಹೆಂಡತಿಗೂ ಬಂತು. ಷರತ್ತು ಒಂದೇ. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ, ಗೋದಾಮಿನವರು ಕೊಟ್ಟ ಕೋಟು ತೊಟ್ಟು, ಐದು ಗುಂಡಿಯನ್ನೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರಬೇಕು. ಗುಂಡಿಯಿಲ್ಲದ ಕೋಟಿನಲ್ಲಿ ಒಳಗೆ ಬಿಟ್ಟರೆ ಮನುಷ್ಯನೂ ಹಣ್ಣಿನ ಜೊತೆ ಗಟ್ಟಿಯಾಗುತ್ತಾನಂತೆ. ಎರಡು ದಾಟಿದರೆ ಕೆಲಸ ಪಟ್ಟಿಯಲ್ಲಿ ಎರಡನೆಯವನಿಗೆ.

ಕೋಟು ಬಂತು. ಹಾಗೆ ಹೇಳುವುದೇ ಸರಿ, ಏಕೆಂದರೆ ಅದನ್ನು ಮೂಲೆಯಲ್ಲಿಟ್ಟರೆ ತಾನಾಗಿಯೇ ನಿಲ್ಲುತ್ತಿತ್ತು. ಮೇಲೆ ದಪ್ಪ ಕ್ಯಾನ್ವಾಸು, ನಡುವೆ ಒತ್ತಿ ಹೊಲಿದ ಉಣ್ಣೆ, ಒಳಗೆ ಇನ್ನೊಂದು ಪದರ. ಹಳೆಯ ಗುಂಡಿಗಳು ಉದುರಿ ಐದು ಕಲೆಗಳಷ್ಟೇ ಉಳಿದಿದ್ದವು. ತೋಳು ಎಷ್ಟು ಬಿರುಸೆಂದರೆ ಮೊಣಕೈ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಮೂಗು ತುರಿಸಿದರೆ ಮೂಗನ್ನೇ ಕೈಯ ಹತ್ತಿರ ತರಬೇಕು. ಕಾಲರು ಗದ್ದವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದರಿಂದ ತಲೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಆಚೆ ಈಚೆ ಆಡುವುದಿಲ್ಲ. ಹೆಂಡತಿ ಅದನ್ನು ದರ್ಜಿಯ ಹತ್ತಿರ ತೆಗೆದುಕೊಂಡು ಹೋದಳು. ದರ್ಜಿ ಒಂದು ಸೂಜಿ ಮುರಿದುಕೊಂಡು, "ಇದು ಬಟ್ಟೆ ಅಲ್ಲಮ್ಮ, ಬಾಗಿಲು. ಬಡಗಿ ಹತ್ರ ಹೋಗಿ" ಎಂದು ವಾಪಸು ಕೊಟ್ಟ.

"ಟಿಚ್ ಗುಂಡಿ ಹೊಡೆದ್ರಾಯ್ತು," ಎಂದರು ಗುಮಾಸ್ತರು ಸ್ಟೂಲಿನಿಂದ. "ಅಷ್ಟೇ ತಾನೇ."

ಭಾಮೈದ ಕುರ್ಚಿಯಲ್ಲಿ ನೆಟ್ಟಗಾದ. ಒಂದೂವರೆ ವರ್ಷದಲ್ಲಿ ಅವನು ಅಷ್ಟು ನೆಟ್ಟಗೆ ಕೂತಿದ್ದು ಅದೇ ಮೊದಲು.

ಭಾನುವಾರ ಗುಮಾಸ್ತರು ಕಚೇರಿ ಎದುರಿನ ಗುಂಡಿ ಅಂಗಡಿಗೆ ಹೋದರು. ಅಂಗಡಿಯವಳು ಕನ್ನಡಕ ಏರಿಸಿಕೊಂಡು, ಒಂದು ಟಿಚ್ ಗುಂಡಿಯ ನಾಲ್ಕು ತುಂಡುಗಳನ್ನೂ ಅಂಗೈಯಲ್ಲಿಟ್ಟು ವಿವರಿಸಿದಳು. ಸಾಧಾರಣ ಗುಂಡಿಯ ಕಾಲು ಗಿಡ್ಡ, ದಪ್ಪ ಬಟ್ಟೆ ದಾಟಿ ಆಚೆ ಬರುವುದಿಲ್ಲ. ಅದಕ್ಕೆ ಉದ್ದ ಕಾಲಿನದು ಬೇಕು. ಮೊದಲು ದಬ್ಬಳದಲ್ಲಿ ತೂತು ಮಾಡಬೇಕು, ತೂತಿನ ಸುತ್ತಲಿನ ಉಣ್ಣೆ ಸ್ವಲ್ಪ ಕಿತ್ತು ತೆಳ್ಳಗೆ ಮಾಡಬೇಕು, ಆಮೇಲೆ ಕೆಳಗೆ ಗಟ್ಟಿ ಕಬ್ಬಿಣ ಇಟ್ಟು ಒಂದೇ ಏಟು, ನೆಟ್ಟಗೆ. ಒಂದೇ ಏಟು ಎಂಬ ಮಾತು ಕೇಳಿ ಗುಮಾಸ್ತರ ಮುಖ ಅರಳಿತು. ಇಪ್ಪತ್ತೆರಡು ವರ್ಷಗಳ ಅನುಭವ.

"ಇದು ಲಾರಿ ಟಾರ್ಪಾಲಿಗೆ ಹಾಕೋ ಜಾತಿ," ಎಂದಳು ಅವಳು. "ಗಾಳಿಗೆಲ್ಲ ಬಿಚ್ಚಲ್ಲ. ಇಲ್ಲಿ ಮೇಲೊಂದು ಚುಕ್ಕಿ ಇದೆ ನೋಡಿ, ಈ ಚುಕ್ಕಿನ ಯಾವಾಗಲೂ..."

"ಗೊತ್ತು ಗೊತ್ತು," ಎಂದರು ಗುಮಾಸ್ತರು. "ಚುಕ್ಕಿ ವಿಷಯ ನಂಗೆ ಹೇಳ್ತೀರಾ. ಅಷ್ಟೇ ತಾನೇ?"

ಅವಳು ಕನ್ನಡಕ ಇಳಿಸಿದಳು. ಅಷ್ಟೇ ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತರು ಬೀದಿ ದಾಟಿದ್ದರು.

ಸೋಮವಾರ ಬೆಳಗ್ಗೆ ಏಳಕ್ಕೆ ಕಾರ್ಯ ಆರಂಭವಾಯಿತು. ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕೋಟಿನ ಎಡಮಗ್ಗುಲು ಹರಡಿದರು. ಹೆಂಡತಿ ಒಂದು ತುದಿ, ಭಾಮೈದ ಇನ್ನೊಂದು ತುದಿ ಹಿಡಿದರು. ಕೋಟಿನ ಅಂಚು ಆಚೆ ಗೋಡೆಯ ಕಡೆ, ಒಡಲು ಗುಮಾಸ್ತರ ಕಡೆ. ದಬ್ಬಳ ಇಳಿಯಿತು, ಉಣ್ಣೆ ಬಂತು, ಉದ್ದ ಕಾಲು ಆಚೆ ಹಣಿಕಿತು. ಗುಮಾಸ್ತರು ಗುಂಡಿಯನ್ನು ಬೆರಳಲ್ಲಿ ಹಿಡಿದರು. ಹೆಬ್ಬೆರಳಿಗೆ ಚುಕ್ಕಿ ಸಿಕ್ಕಿತು. ಹೆಬ್ಬೆರಳು ಯಾರನ್ನೂ ಕೇಳದೆ ಅದನ್ನು ಗುಮಾಸ್ತರ ಎದೆಯ ಕಡೆಗೆ ತಿರುಗಿಸಿತು. ಸುತ್ತಿಗೆಯಿಂದ ಒಂದು ಏಟು. ಹಾಗೆಯೇ ಐದು. ಒಂದೂ ಓರೆಯಾಗಲಿಲ್ಲ, ಒಂದೂ ಅಲುಗಲಿಲ್ಲ. ಬಲಮಗ್ಗುಲಿಗೂ ಐದು ಏಟು. ಹೆಂಡತಿಗೇ ನಂಬಿಕೆ ಬರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಮೆಚ್ಚಿ ನೋಡಿದಳು. ಆ ನೋಟವೇ ಅನಾಹುತಕ್ಕೆ ಮೂಲ. ಅದನ್ನು ಕಂಡು ಗುಮಾಸ್ತರು, ಮೊದಲು ತಾವೇ ತೊಟ್ಟು ತೋರಿಸುತ್ತೇನೆಂದರು.

ಕೋಟಿನ ಅಳತೆ ತೆಳ್ಳಗಿನ ಭಾಮೈದನದು. ಗುಮಾಸ್ತರು ಉಸಿರು ಒಳಗೆಳೆದು, ಹೊಟ್ಟೆಯನ್ನು ಎಲ್ಲಿಗೋ ಕಳಿಸಿ, ಟಿಚ್, ಟಿಚ್, ಟಿಚ್, ಟಿಚ್, ಟಿಚ್ ಎಂದು ಐದನ್ನೂ ಒತ್ತಿದರು. ಉಸಿರು ಬಿಟ್ಟರು. ಹೊಟ್ಟೆ ವಾಪಸು ಬಂತು. ಕೋಟು ಡೋಲಿನಂತೆ ಬಿಗಿಯಿತು.

"ಚೆನ್ನಾಗಿದೆ," ಎಂದ ಭಾಮೈದ. "ಕೊಡಿ ಭಾವ."

ಗುಮಾಸ್ತರು ಅಂಚು ಹಿಡಿದು ಎಳೆದರು. ಗುಂಡಿ ಬಿಚ್ಚಲಿಲ್ಲ. ಹೆಂಡತಿ ಎಳೆದಳು. ಭಾಮೈದ ಎಳೆದ. ಎಳೆದಷ್ಟೂ ಅದು ಕಚ್ಚಿ ಹಿಡಿಯುತ್ತಿತ್ತು. ತಲೆಯ ಮೇಲಿಂದ ಕಳಚಲು ನೋಡಿದರು. ಕೋಟು ಭುಜದವರೆಗೆ ಏರಿ, ಗುಮಾಸ್ತರ ಎರಡು ಕೈಗಳೂ ಆಕಾಶಕ್ಕೆ ನೆಟ್ಟು, ದೀಪದ ಬುರುಡೆ ಒಡೆಯಿತು. ಕತ್ತರಿ ತರಲೇ ಎಂದಳು ಹೆಂಡತಿ. ಭಾಮೈದ ಕೋಟಿಗೂ ಅಕ್ಕನಿಗೂ ನಡುವೆ ಬಂದು ನಿಂತ. ಕೋಟು ಹರಿದರೆ ಕೆಲಸವಿಲ್ಲ. ಹಾಗೆಂದು ಗೋದಾಮಿನ ಕಾಗದದಲ್ಲೇ ಬರೆದಿತ್ತು.

ಅಷ್ಟರಲ್ಲಿ ಕೆಳಮನೆಯ ನಿವೃತ್ತ ನರ್ಸಮ್ಮ ಮೇಲೆ ಬಂದರು. ಹತ್ತು ಏಟಿಗೆ ಹತ್ತು ಸಲ ತಾರಸಿಯ ಸುಣ್ಣ ತಮ್ಮ ಟೀ ಲೋಟಕ್ಕೆ ಬಿತ್ತೆಂದು ಜಗಳಕ್ಕೇ ಬಂದವರು, ಬಾಗಿಲಲ್ಲಿ ಗುಮಾಸ್ತರನ್ನು ಕಂಡು ಜಗಳ ಮರೆತರು. ಬೇಸಗೆಯ ಬೆಳಗ್ಗೆ, ಗದ್ದದವರೆಗೆ ಕೋಟು, ಮುಖದ ತುಂಬ ಬೆವರು.

"ಯಾವಾಗಿಂದ ಚಳಿ?" ಎಂದರು. ಗುಮಾಸ್ತರು ಉತ್ತರಿಸಲು ಬಾಯಿ ತೆರೆದದ್ದೇ ತಡ, ಬಾಯಲ್ಲಿ ಥರ್ಮಾಮೀಟರು ಬಿತ್ತು. ಆಮೇಲೆ ಮಾತಾಡಿದವರೆಲ್ಲ ಬೇರೆಯವರು. ಕೋಟು ತೆಗೆಯೋಕಾಗ್ತಿಲ್ಲ ಎಂದಳು ಹೆಂಡತಿ. ತೆಗೆಯಲೇಬಾರದು ಎಂದರು ನರ್ಸಮ್ಮ. ಇಂಥ ಜ್ವರಕ್ಕೆ ಗಾಳಿ ತಗುಲಿದರೆ ಏನೇನಾಗುತ್ತದೆಂದು, ಮೂವತ್ತು ವರ್ಷದ ಸರ್ವೀಸಿನಲ್ಲಿ ತಾವು ಕಂಡದ್ದನ್ನೆಲ್ಲ ವಿವರಿಸಿದರು. ಆ ವಿವರ ಮುಗಿಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಕಡೆಗೆ ಥರ್ಮಾಮೀಟರು ತೆಗೆದು ನೋಡಿ, ಜ್ವರ ಇಲ್ಲ, ಆದ್ದರಿಂದ ಇದು ಇನ್ನೂ ದೊಡ್ಡ ಕಾಯಿಲೆ ಎಂದು ಹೇಳಿ ಇಳಿದುಹೋದರು.

ಉಳಿದದ್ದು ಒಂದೇ ದಾರಿ, ಗುಂಡಿ ಅಂಗಡಿಯವಳು. ಅಂಗಡಿ ಕಚೇರಿಯ ಎದುರಿಗೇ ಇತ್ತು. ಗುಮಾಸ್ತರು ನಡೆದರು, ಒಂದು ಹೆಜ್ಜೆ ಹಿಂದೆ ಭಾಮೈದ. ಕೋಟು ಎಲ್ಲಿಯೋ ತಾನು ಅಲ್ಲಿ ಎಂದು ಅವನು ನಿರ್ಧರಿಸಿಬಿಟ್ಟಿದ್ದ. ಬೀದಿಯ ನಾಯಿಯೊಂದು ಬೊಗಳಲು ಎದ್ದು, ಏನೆಂದು ಬೊಗಳಬೇಕೋ ತಿಳಿಯದೆ ಕೂತಿತು. ಹತ್ತೂ ಕಾಲಿಗೆ ಅಂಗಡಿ ತಲುಪಿದರೆ, ಬಾಗಿಲಿಗೆ ಬೋರ್ಡು: ಸೋಮವಾರ ರಜೆ.

ಗುಮಾಸ್ತರು ಆ ಬೋರ್ಡನ್ನು ಎರಡು ಸಲ ಓದಿದರು. ಮೂರನೆಯ ಸಲ ಓದುವ ಮೊದಲೇ ಅವರ ಭುಜದ ಮೇಲೆ ಯಾರದೋ ಕೈ ಬಿತ್ತು. ನೌಕರರ ಸಂಘದ ಕಾರ್ಯದರ್ಶಿ. ಅವನ ಕಣ್ಣು ತುಂಬಿತ್ತು.

"ಮಾಡಿಬಿಟ್ರಲ್ಲ ಅಣ್ಣಾ," ಎಂದ. "ನಾನು ಎಲ್ರಿಗೂ ಹೇಳಿದ್ದೆ, ಅವ್ರು ಬರೀ ಮಾತಾಡೋರು ಅಂತ. ತಪ್ಪಾಯ್ತು."

ಇದಕ್ಕೊಂದು ಹಿನ್ನೆಲೆಯಿದೆ. ಕಚೇರಿಗೆ ಎರಡು ತಿಂಗಳ ಹಿಂದೆ ಹೊಸ ಸಾಹೇಬರು ಬಂದಿದ್ದರು, ಅವರ ಹಿಂದೆಯೇ ದೊಡ್ಡದೊಂದು ಏಸಿಯೂ ಬಂದಿತ್ತು. ಸಾಹೇಬರದು ಉಷ್ಣದ ಮೈ. ಹಜಾರದ ನಲವತ್ತು ಜನ ಬೆರಳು ಮರಗಟ್ಟಿ, ಪೆನ್ನು ಬೀಳಿಸುತ್ತ ಕೆಲಸ ಮಾಡುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಚರ್ಚೆ ಟೀ ಕೋಣೆಯಲ್ಲಿ ನಡೆದಾಗ, "ಚಳಿ ಆಗ್ತಿದೆ ಅಂತ ಸಾಹೇಬ್ರಿಗೆ ತೋರಿಸ್ಬೇಕು, ಅಷ್ಟೇ ತಾನೇ? ನಂಗೆ ಬಿಡಿ" ಎಂದಿದ್ದರು ಗುಮಾಸ್ತರು. ಅದಾಗಿ ಹದಿನೈದು ದಿನ. ಅವರು ಅದನ್ನು ಮರೆತೇಬಿಟ್ಟಿದ್ದರು.

ಈಗ ಕಾರ್ಯದರ್ಶಿಗೆ ನಿಜ ಹೇಳಬೇಕು. ಆದರೆ ಹೇಗೆ? ಒಂದು ಗುಂಡಿಯೆದುರು ಸೋತೆ ಎನ್ನುವ ಮಾತು ಕಾಲರು ದಾಟಿ ಮೇಲೆ ಬರಲಿಲ್ಲ. ಹಾಜರಿ ಹಾಕಿ ಹಿಂಬಾಗಿಲಿನಿಂದ ಜಾರಿಕೊಳ್ಳೋಣ ಎಂದುಕೊಂಡು ಒಳಗೆ ಹೋದರು. ಅವರು ಹಜಾರಕ್ಕೆ ಕಾಲಿಟ್ಟ ಕೂಡಲೇ ನಲವತ್ತು ಜನ ಎದ್ದು ನಿಂತರು. ಅರ್ಧ ಗಂಟೆಯಲ್ಲಿ ಟೈಪಿಸ್ಟಮ್ಮ ಶಾಲು ಹೊದ್ದಳು, ದಫೇದಾರ ಕಿವಿಗೆ ಮಫ್ಲರು ಸುತ್ತಿದ, ದಾಖಲೆ ಕೋಣೆಯವನು ಏನೂ ಸಿಗದೆ ಕಿಟಕಿಯ ಪರದೆ ಬಿಚ್ಚಿ ಹೊದ್ದ. ಹಿಂಬಾಗಿಲಿಗೆ ಹೋಗುವ ದಾರಿಯಲ್ಲೆಲ್ಲ ಕೈಕುಲುಕುವವರೇ ನಿಂತಿದ್ದರು.

ಹನ್ನೆರಡಕ್ಕೆ ಸಾಹೇಬರಿಂದ ಕರೆ ಬಂತು.

ಸಾಹೇಬರು ಅರ್ಧ ತೋಳಿನ ಅಂಗಿಯಲ್ಲಿ ಕೂತಿದ್ದರು. ಇದೇನು ವೇಷ ಎಂದು ಕೇಳಿದರು. ಸಾಹೇಬರು ಮುಂದೆ ಬಾಗಿ, "ಇದನ್ನ ನಾನು ಪ್ರತಿಭಟನೆ ಅಂತ ತಿಳ್ಕೋಬೇಕಾ?" ಎಂದರು.

ಅಯ್ಯೋ ಇಲ್ಲ ಎಂದು ಗುಮಾಸ್ತರು ತಲೆಯಾಡಿಸಲು ಹೋದರು. ಹಿಂದೆಯೇ ಹೇಳಿದ್ದೇನೆ, ಆ ಕಾಲರಿನಲ್ಲಿ ತಲೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ತಲೆ ದೊಡ್ಡದಾಗಿ ಹೌದು ಎಂದಿತು.

ಸಾಹೇಬರ ಮುಖ ಕೆಂಪಾಯಿತು. ಮೇಲಿನವರಿಗೆ ಬರೆಯಬೇಕಾಗುತ್ತದೆ, ಹೆದರಿಕೆ ಇಲ್ಲವೇ ಎಂದು ಕೇಳಿದರು. ಹೆದರಿಕೆ ಇದೆ ಎಂದು ತೋರಿಸಲು ಗುಮಾಸ್ತರು ಕೈ ಜೋಡಿಸಹೋದರು. ಮೊಣಕೈ ಮಡಚಲಿಲ್ಲ. ಎರಡು ಕೈಗಳೂ ಮುಂದಕ್ಕೆ ಚಾಚಿ, ಅಂಗೈಗಳು ಸೇರದೆ, ಮುಷ್ಟಿಯಾಗಿ ಮೇಜಿನ ಮೇಲೆ ನಿಂತವು. ಸಾಹೇಬರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಆಗ ಬಾಗಿಲಲ್ಲಿದ್ದ ಎತ್ತರದ ಮನುಷ್ಯ ಅವರ ಕಣ್ಣಿಗೆ ಬಿದ್ದ.

"ಇವರ್ಯಾರು?"

"ನಾನು ಕೋಟಿನ ಕಡೆಯವನು," ಎಂದ ಭಾಮೈದ.

"ಏನಾಗ್ಬೇಕು ನಿಮಗೆ?"

"ಎರಡು ಗಂಟೆ ಒಳಗೆ ಆಗ್ಬೇಕು ಸಾರ್. ಎರಡು ದಾಟಿದ್ರೆ ನಾವು ಯಾರೂ ಏನೂ ಮಾಡೋಕಾಗಲ್ಲ."

ಅವನು ಇದನ್ನು ತನ್ನ ಎಂದಿನ ನಿಧಾನದಲ್ಲಿ, ತನ್ನ ಎಂದಿನ ದುಃಖದಲ್ಲಿ ಹೇಳಿದ. ಆದರೆ ಸಾಹೇಬರಿಗೆ ಅವನ ಹಿಂದೆ ಶಾಲು, ಮಫ್ಲರು, ಪರದೆ ಎಲ್ಲ ಕಾಣುತ್ತಿದ್ದವು. ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು, ಒಂದು ಗಂಟೆಗೆ ತಾವೇ ಎದ್ದುಹೋಗಿ ಏಸಿ ಆರಿಸಿದರು. ಹಜಾರದಲ್ಲಿ ಚಪ್ಪಾಳೆ ಎದ್ದಿತು. ಎಲ್ಲರೂ ಶಾಲು ತೆಗೆದರು, ಮಫ್ಲರು ತೆಗೆದರು. ಗುಮಾಸ್ತರು ಮಾತ್ರ ಕೋಟು ತೆಗೆಯಲಿಲ್ಲ. ಸಾಹೇಬರು ಇನ್ನೂ ಏನೋ ಬೇಡಿಕೆ ಇದೆ ಎಂದುಕೊಂಡು, ಕಾರ್ಯದರ್ಶಿಯ ಕಿವಿಯಲ್ಲಿ, ಅವರಿಗೆ ಅರ್ಧ ದಿನ ರಜೆ ಕೊಟ್ಟಿದ್ದೇನೆ, ದಯವಿಟ್ಟು ಮನೆಗೆ ಕಳಿಸಿ ಎಂದರು.

ಗುಮಾಸ್ತರಿಗೆ ತಾವು ಗೆದ್ದದ್ದೇನು, ಯಾರ ವಿರುದ್ಧ ಎಂಬುದು ತಿಳಿಯಲಿಲ್ಲ. ಏಸಿ ಇದ್ದಷ್ಟು ಹೊತ್ತು ಕೋಟಿನೊಳಗೆ ಹೇಗೋ ಬದುಕಿದ್ದರು. ಈಗ ಬೆವರು ಬೆನ್ನಿನಲ್ಲಿ ಹೊರಟು ಪಾದರಕ್ಷೆಯವರೆಗೆ ಹರಿಯುತ್ತಿತ್ತು. ಭಾಮೈದ ಗೋಡೆಯ ಗಡಿಯಾರ ನೋಡಿದ. ಒಂದು ಇಪ್ಪತ್ತು.

"ಭಾವ," ಎಂದ, "ಕೋಟಂತೂ ಹೊತ್ತಿಗೆ ಸರಿಯಾಗಿ ಅಲ್ಲಿರ್ಲಿ. ಒಳಗೆ ಯಾರಿದ್ದಾರೆ ಅನ್ನೋದು ಆಮೇಲೆ ನೋಡೋಣ."

ಅವನು ಅಷ್ಟು ಉದ್ದ ಮಾತಾಡಿದ್ದನ್ನು ಗುಮಾಸ್ತರು ಎಂದೂ ಕೇಳಿರಲಿಲ್ಲ. ಅವನ ಮುಖ ನೋಡಿದರು. ಒಂದೂವರೆ ವರ್ಷ ಅವನೂ ಆ ಕುರ್ಚಿಯಲ್ಲಿ ಸುಖವಾಗೇನೂ ಕೂತಿರಲಿಲ್ಲವೋ ಏನೋ ಎಂದು ಮೊದಲ ಸಲ ಅನಿಸಿತು. ಇಬ್ಬರೂ ಓಡಿದರು. ಅಂದರೆ ಭಾಮೈದ ಓಡಿದ, ಗುಮಾಸ್ತರು ಉರುಳಿದರು.

ಗೋದಾಮಿನ ಬಾಗಿಲಲ್ಲಿ ಮೇಲ್ವಿಚಾರಕಿ ನಿಂತಿದ್ದಳು, ಸೊಂಟದಲ್ಲಿ ಬೀಗದಕೈ ಗೊಂಚಲು. ಪಕ್ಕದ ಬೆಂಚಿನಲ್ಲಿ ಪಟ್ಟಿಯ ಎರಡನೆಯವನು ಬುತ್ತಿಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಗಡಿಯಾರದ ಮುಳ್ಳನ್ನು ಕಣ್ಣಿನಿಂದಲೇ ತಳ್ಳುತ್ತಿದ್ದ. ಎರಡಕ್ಕೆ ಎಂಟು ನಿಮಿಷ.

"ಕೋಟು ಬಂದಿದೆ," ಎಂದ ಭಾಮೈದ. "ಐದು ಗುಂಡಿನೂ ಹಾಕಿದೆ."

"ಕಾಣ್ತಿದೆ. ಒಳಗ್ಯಾರು?"

"ಭಾವ."

"ಕೆಲಸ ಯಾರಿಗೆ?"

"ನಂಗೆ."

ಬೆಂಚಿನವನು ಡಬ್ಬಿ ಹಿಡಿದು ಎದ್ದ. ಮೇಲ್ವಿಚಾರಕಿ ಅವನನ್ನು ಕಣ್ಣಲ್ಲೇ ಕೂರಿಸಿದಳು. ಗುಮಾಸ್ತರ ಹತ್ತಿರ ಬಂದು ಅಂಚು ಹಿಡಿದು ಒಮ್ಮೆ ಎಳೆದಳು. ಎರಡನೆಯ ಸಲ ಎಳೆಯಲಿಲ್ಲ. ಬಗ್ಗಿ ಗುಂಡಿಯನ್ನು ನೋಡಿದಳು.

"ಇದನ್ನ ಹೊಡೆದಿದ್ದು ಯಾರು?"

ಬೆಳಗಿನಿಂದ ಯಾರೂ ಗುಮಾಸ್ತರನ್ನು ಆ ಪ್ರಶ್ನೆ ಕೇಳಿರಲಿಲ್ಲ. "ನಾನು," ಎಂದರು. ಧ್ವನಿ ಕಾಲರಿನ ಒಳಗಿಂದ ಬಂತು. "ನಂಗೆ ಗೊತ್ತಿರ್ಲಿಲ್ಲ. ಅಂಗಡಿಯವಳು ಹೇಳೋಕೆ ಬಂದ್ಲು, ನಾನು ಕೇಳ್ಲಿಲ್ಲ. ಹುಡುಗನ ಕೆಲಸ ತೆಗೀಬೇಡಿ ತಾಯಿ, ತಪ್ಪು ನನ್ನದು."

ಆ ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. ಭಾಮೈದನಿಗೆ ಅದಕ್ಕಿಂತ ಹೆಚ್ಚು.

"ನಮ್ಮ ಬಾಗಿಲ ಪರದೆಗೆಲ್ಲ ಇದೇ ಗುಂಡಿ," ಎಂದಳು ಅವಳು. "ಚುಕ್ಕಿ ಯಾವ ಕಡೆ ಇದೆಯೋ ಆ ಕಡೆಯಿಂದ ಎತ್ತಿದ್ರೆ ಮಾತ್ರ ಬಿಚ್ಚತ್ತೆ. ಉಳಿದ ಮೂರು ಕಡೆಯಿಂದ ಎಳೆದ್ರೆ ಕಚ್ಕೊಳ್ಳತ್ತೆ. ಚುಕ್ಕಿ ಅಂಚಿನ ಕಡೆ ಇರ್ಬೇಕು. ನೀವು ಹೊಟ್ಟೆ ಕಡೆ ಇಟ್ಟಿದ್ದೀರಿ."

ಗೋಡೆಗೆ ನೇತುಹಾಕಿದ್ದ, ಮಂಜು ಕೆರೆಯುವ ಉದ್ದನೆಯ ಮರದ ಪಟ್ಟಿ ತೆಗೆದುಕೊಂಡಳು. ಕೋಟಿನ ಕೆಳಗಿನಿಂದ, ಅಂಗಿಗೂ ಕೋಟಿಗೂ ನಡುವೆ ತೂರಿಸಿ, ಚುಕ್ಕಿಯ ಕಡೆಯಿಂದ ಒಳಗಿನಿಂದ ಹೊರಕ್ಕೆ ಒಂದು ಮೀಟು. ಟಕ್. ಎರಡು. ಮೂರು. ನಾಲ್ಕನೆಯದಕ್ಕೆ ಹೊಟ್ಟೆ ಅಡ್ಡ ಬಂತು; ಉಸಿರು ಎಳೀರಿ ಎಂದಳು. ಎಳೆದರು. ಟಕ್. ಐದು. ಕೋಟು ಬಾಗಿಲಿನಂತೆ ತೆರೆದುಕೊಂಡಿತು. ಗುಮಾಸ್ತರು ಒಳಗಿಂದ ಹೊರಗೆ ಬಂದರು, ಬೇಯಿಸಿ ಸುಲಿದ ಗೆಣಸಿನಂತೆ. ಭಾಮೈದ ಹೊರಗಿಂದ ಒಳಗೆ ಹೋದ. ಐದು ಸಲ ಟಿಚ್. ಗಡಿಯಾರದ ಮುಳ್ಳು ಎರಡನ್ನು ಮುಟ್ಟುವಾಗ ಗೋದಾಮಿನ ಬಾಗಿಲು ಅವನ ಹಿಂದೆ ಮುಚ್ಚಿತು. ಬೆಂಚಿನವನು ನಿಟ್ಟುಸಿರು ಬಿಟ್ಟು ಡಬ್ಬಿ ತೆರೆದು ಊಟಕ್ಕೆ ಕೂತ.

ಗುಮಾಸ್ತರು ಮನೆಗೆ ಗಾಳಿಯಲ್ಲಿ ತೇಲುತ್ತ ಹೋದರು. ಹೆಂಡತಿಗೆ ಸುದ್ದಿ ಹೇಳಿದರು. ಕಾಲು ತೊಳೆದು, ಮುಖ ತೊಳೆದು, ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿ ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ, ಕೂತರು. ಒಂದೂವರೆ ವರ್ಷದ ಮೇಲೆ ಬೀದಿಯನ್ನು ಸರಿಯಾದ ಎತ್ತರದಿಂದ ನೋಡಿದರು.

ಏಳೂವರೆಗೆ ಬಾಗಿಲು ಬಡಿಯಿತು. ಕೋಟು ಬಂದಿತ್ತು, ಒಳಗೆ ಭಾಮೈದ. ಕೈಯಲ್ಲಿ ಮರದ ಪಟ್ಟಿ.

ಮೇಲ್ವಿಚಾರಕಿ ಹೇಳಿದ್ದನ್ನು ಅವನು ನಿಧಾನವಾಗಿ ಒಪ್ಪಿಸಿದ. ಗುಂಡಿ ಬಹಳ ಗಟ್ಟಿಯಾಗಿ ಕೂತಿವೆ, ಕಿತ್ತರೆ ಬಟ್ಟೆ ಸಮೇತ ಬರುತ್ತವೆ. ಆದ್ದರಿಂದ ಹೊಸ ಕೋಟು ಕೊಡುವವರೆಗೆ, ಅಂದರೆ ಇನ್ನೆರಡು ವರ್ಷ, ಯಾರೂ ಅವನ್ನು ಮುಟ್ಟಬಾರದು. ಹೊರಗಿನಿಂದ ಒತ್ತಬಹುದು, ಆದರೆ ಆ ಬಿರುಸು ತೋಳಿನಲ್ಲಿ ತೊಟ್ಟವನ ಕೈ ಪಟ್ಟಿ ಹಿಡಿದು ಒಳಗಿನಿಂದ ಮೀಟಲು ಎಟುಕುವುದಿಲ್ಲ. ಬಂದವರಿಗೆಲ್ಲ ಬಟ್ಟೆ ಬಿಚ್ಚಿಸುವುದು ತನ್ನ ಕೆಲಸವಲ್ಲ, ಇವತ್ತು ಒಂದು ದಿನ ಮಾಡಿದ್ದಾಯಿತು. ಪಟ್ಟಿ ಒಯ್ಯಿ, ಮನೆಯಲ್ಲಿ ಬಿಚ್ಚುವವರು ಒಬ್ಬರು ಇರಲಿ.

"ಮತ್ತೆ ಅವರು ಕೊಡೋ ಕೋಣೆ?" ಎಂದು ಗುಮಾಸ್ತರು ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು.

"ಅಲ್ಲಿ ಯಾರು ಬಿಚ್ತಾರೆ ಭಾವ? ಬೇಡ ಅಂತ ಬರ್ಕೊಟ್ಟು ಬಂದೆ."

ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಅವಳು ತಮ್ಮನಿಗೆ ಟೀ ಮಾಡಲು ಆಗಲೇ ಒಳಗೆ ಹೋಗಿದ್ದಳು. ಸುತ್ತಿಗೆಯ ಕಡೆ ನೋಡಿದರು. ಅದು ಇರಲಿಲ್ಲ, ನರ್ಸಮ್ಮ ಮಧ್ಯಾಹ್ನವೇ ಬಂದು ಒಯ್ದಿದ್ದರು. ಕುರ್ಚಿಯ ಎರಡು ಕೈಗಳನ್ನೂ ಸವರಿದರು. ಏಳದಿದ್ದರೆ ಬಿಚ್ಚಲಾಗುವುದಿಲ್ಲ, ಬಿಚ್ಚಿದರೆ ಅವನು ಕೂರುತ್ತಾನೆ. ಈ ಲೆಕ್ಕವನ್ನು ಅವರು ಎಷ್ಟು ಕಡೆಯಿಂದ ಎತ್ತಿ ನೋಡಿದರೂ ಅದು ಕಚ್ಚಿಕೊಳ್ಳುತ್ತಿತ್ತು.

ಭಾಮೈದ ಎದುರಿಗೆ ಬಂದು, ಎದೆ ಮುಂದೆ ಮಾಡಿ, ಪಟ್ಟಿಯನ್ನು ಎರಡು ಕೈಗಳಲ್ಲೂ ಮರ್ಯಾದೆಯಿಂದ ಚಾಚಿದ.

"ಐದು ಗುಂಡಿ ಭಾವ," ಎಂದ. "ಅಷ್ಟೇ ತಾನೇ."